ಜಾಗ್ವಾರ್ ಕಟ್ಟಿದವನೂ ಅಪ್ಪನ ಬೋರಿಂಗ್ ಮಷೀನೂ

ಭಾನುವಾರ ಬೆಳಿಗ್ಗೆ ಮುಂಬೈಯ ಫೋರ್ಟ್ ಭಾಗ ಬೇರೆಯೇ ಊರಿನಂತೆ ಇರುತ್ತದೆ. ವಾರವಿಡೀ ಭುಜಕ್ಕೆ ಭುಜ ತಾಗಿಸಿ ನಡೆಯುವ ರಸ್ತೆಗಳಲ್ಲಿ ಪಾರಿವಾಳ ಬಿಟ್ಟರೆ ಯಾರೂ ಇರುವುದಿಲ್ಲ. ಜನವರಿಯ ಅಂಥ ಒಂದು ಭಾನುವಾರ ಡೊಂಬಿವಿಲಿಯಿಂದ ಮೊದಲ ಲೋಕಲ್ ಹಿಡಿದು ಹಾರ್ನಿಮನ್ ಸರ್ಕಲ್‌ಗೆ ಹೋಗಿದ್ದೆ. ಹಳೆಯ ಕಾರುಗಳ ಮೆರವಣಿಗೆ ಇತ್ತು. ಇಪ್ಪತ್ತು ವರ್ಷದಿಂದ ಈ ಊರಿನಲ್ಲಿದ್ದರೂ ಇಂಥದ್ದನ್ನು ನೋಡಲು ಹೋದದ್ದು ಅದೇ ಮೊದಲು.

ಅಲ್ಲಿ ಒಂದು ಬೂದು ಬಣ್ಣದ ಜಾಗ್ವಾರ್ ಇ-ಟೈಪ್ ನಿಂತಿತ್ತು. ಯಜಮಾನರು ಬಾನೆಟ್ ಎತ್ತಿದರು. ಎತ್ತಿದರು ಅನ್ನುವುದಕ್ಕಿಂತ ಕಾರಿನ ಮುಂದಿನ ಅರ್ಧವನ್ನೇ ಮುಂದಕ್ಕೆ ಮಗುಚಿದರು ಅನ್ನಬೇಕು. ಒಳಗೆ ಉದ್ದನೆಯ ಆರು ಸಿಲಿಂಡರಿನ ಎಂಜಿನ್, ಅದರ ಮೇಲೆ ಕನ್ನಡಿಯಂತೆ ಹೊಳೆಯುವ ಎರಡು ಕ್ಯಾಮ್ ಕವರ್‌ಗಳು, ಪಕ್ಕದಲ್ಲಿ ಸಾಲಾಗಿ ಮೂರು ಕಾರ್ಬ್ಯುರೇಟರ್. ಫೋಟೊ ತೆಗೆದು ಬೆಳಗಾವಿಯಲ್ಲಿರುವ ಅಪ್ಪನಿಗೆ ವಾಟ್ಸ್‌ಆ್ಯಪ್ ಮಾಡಿದೆ. ಎರಡೇ ನಿಮಿಷಕ್ಕೆ ಫೋನ್ ಬಂತು. ಎಂಜಿನ್ ಎಷ್ಟು ಲೀಟರಿನದು, ಬೋರ್ ಎಷ್ಟು ಎಂದು ಕೇಳಿದರು. ಕಾರಿನ ಬಣ್ಣದ ಬಗ್ಗೆಯಾಗಲೀ ಚೆಲುವಿನ ಬಗ್ಗೆಯಾಗಲೀ ಒಂದು ಮಾತಿಲ್ಲ.

ಅಪ್ಪನಿಗೆ ಈಗ 76. ಉದ್ಯಮಬಾಗದಲ್ಲಿ ಅವರದೊಂದು ಸಣ್ಣ ವರ್ಕ್‌ಶಾಪ್ ಇದೆ. ಸವೆದ ಎಂಜಿನ್ ಬ್ಲಾಕುಗಳನ್ನು ಮತ್ತೆ ಕೊರೆದು ಕೊಡುವುದು ಅವರ ಕಸುಬು. ಓಡಿ ಓಡಿ ಸಿಲಿಂಡರ್ ಮೊಟ್ಟೆಯಾಕಾರಕ್ಕೆ ಸವೆಯುತ್ತದೆ, ಎಂಜಿನ್ ಹೊಗೆ ಉಗುಳುತ್ತದೆ. ಆಗ ಅದನ್ನು ಹತ್ತು ಥೌ, ಇಪ್ಪತ್ತು ಥೌ ದೊಡ್ಡದು ಮಾಡಿ, ತಕ್ಕ ಅಳತೆಯ ಪಿಸ್ಟನ್ ಹಾಕಬೇಕು. ಥೌ ಎಂದರೆ ಒಂದು ಇಂಚಿನ ಸಾವಿರದ ಒಂದು ಪಾಲು. ಇನ್ನು ಕೊರೆಯಲು ಗೋಡೆ ಉಳಿದಿಲ್ಲ ಅನ್ನುವಾಗ ಒಳಗೆ ಲೈನರ್ ಕೂರಿಸುತ್ತಾರೆ. ನಾನು ಮುಂಬೈಗೆ ಬಂದ ಹೊಸತರಲ್ಲಿ ಆಪೆರಾ ಹೌಸ್ ಹತ್ತಿರದ ಬಿಡಿಭಾಗದ ಅಂಗಡಿಗಳಿಂದ ಪಿಸ್ಟನ್ ಸೆಟ್ ಕೊಂಡು ರಾತ್ರಿ ಬಸ್ಸಿಗೆ ಹಾಕುತ್ತಿದ್ದೆ. ಅಪ್ಪನ ವ್ಯವಹಾರದಲ್ಲಿ ನನ್ನ ಪಾಲು ಅಷ್ಟೇ.

ಆ ದಿನ ಫೋನ್ ಇಡುವ ಮುಂಚೆ ಅಪ್ಪ ಇನ್ನೊಂದು ವಿಷಯ ಹೇಳಿದರು. ವರ್ಕ್‌ಶಾಪಿನ ಜಾಗಕ್ಕೆ ಒಬ್ಬರು ಒಳ್ಳೆಯ ಬೆಲೆ ಕೊಡಲು ಬಂದಿದ್ದಾರೆ, ಯುಗಾದಿಯೊಳಗೆ ಉತ್ತರ ಬೇಕಂತೆ. ನಾನು ವಾಪಸು ಬರುವುದಾದರೆ ಮಾರುವುದಿಲ್ಲ, ಬರದಿದ್ದರೆ ಮಾರುತ್ತಾರೆ. ನಾನು ಒಬ್ಬನೇ ಮಗ. ಯೋಚಿಸಿ ಹೇಳುತ್ತೇನೆ ಎಂದೆ. ವಾಪಸು ಬರುವಾಗ ಲೋಕಲಿನಲ್ಲಿ ಕೂತು, ಆ ಕಾರನ್ನು ಕಟ್ಟಿದ ಮನುಷ್ಯನ ಬಗ್ಗೆ ಓದತೊಡಗಿದೆ. ಓದುತ್ತಾ ಹೋದಂತೆ ಅವನ ಕಥೆಗೂ ನಮ್ಮ ಮನೆಯ ಪ್ರಶ್ನೆಗೂ ಹತ್ತಿರದ ನಂಟು ಕಾಣಿಸಿತು. ಅದನ್ನೇ ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ವಿಲಿಯಂ ಲಯನ್ಸ್ ಹುಟ್ಟಿದ್ದು 1901ರ ಸೆಪ್ಟೆಂಬರ್ 4ರಂದು, ಇಂಗ್ಲೆಂಡಿನ ಕಡಲತೀರದ ಊರು ಬ್ಲ್ಯಾಕ್‌ಪೂಲ್‌ನಲ್ಲಿ. ತಂದೆಯದು ಪಿಯಾನೊ ಮತ್ತು ಸಂಗೀತ ವಾದ್ಯಗಳ ಅಂಗಡಿ. ಹುಡುಗನಿಗೆ ವಾದ್ಯ ಒಲಿಯಲಿಲ್ಲ, ಮೋಟಾರ್‌ಸೈಕಲ್ ಒಲಿಯಿತು. ಮ್ಯಾಂಚೆಸ್ಟರಿನ ಕ್ರಾಸ್ಲಿ ಮೋಟಾರ್ಸ್‌ನಲ್ಲಿ ಕೆಲಸ ಕಲಿಯಲು ಸೇರಿದ, ಪೂರ್ತಿ ಮಾಡಲಿಲ್ಲ. ಊರಿಗೆ ಮರಳಿ ಕಾರು ಮಾರುವ ಅಂಗಡಿಯಲ್ಲಿ ಸೇಲ್ಸ್‌ಮನ್ ಆದ. ಎಂಜಿನಿಯರಿಂಗ್ ಪದವಿ ಅವನಿಗೆ ಕೊನೆಯವರೆಗೂ ಇರಲಿಲ್ಲ.

ವಿಲಿಯಂ ವಾಮ್ಸ್‌ಲಿ ಎಂಬವನು ಮೋಟಾರ್‌ಸೈಕಲಿಗೆ ಚಂದದ ಸೈಡ್‌ಕಾರ್ ಮಾಡುತ್ತಿದ್ದ. ಲಯನ್ಸ್‌ಗೆ ಅದರಲ್ಲಿ ವ್ಯಾಪಾರ ಕಾಣಿಸಿತು. ಇಬ್ಬರ ತಂದೆಯರೂ ಬ್ಯಾಂಕಿಗೆ ಜಾಮೀನು ನಿಂತರು, 1000 ಪೌಂಡ್ ಸಾಲ ಸಿಕ್ಕಿತು. ಲಯನ್ಸ್‌ಗೆ 21 ತುಂಬಿದ ಮೇಲೆ, 1922ರಲ್ಲಿ, ಸ್ವಾಲೊ ಸೈಡ್‌ಕಾರ್ ಕಂಪನಿ ಶುರುವಾಯಿತು. ಐದು ವರ್ಷದ ಬಳಿಕ ಆಸ್ಟಿನ್ ಸೆವೆನ್ ಎಂಬ ಅಗ್ಗದ ಪುಟ್ಟ ಕಾರಿಗೆ ಇವರು ಹೊಸ ಮೈ ತೊಡಿಸಿದರು. ಚಾಸಿ, ಎಂಜಿನ್ ಎಲ್ಲ ಬೇರೆಯವರದು, ರೂಪ ಮಾತ್ರ ಇವರದು. ಬೇಡಿಕೆ ಹೆಚ್ಚಿದಾಗ 1928ರಲ್ಲಿ ಕಾರು ಉದ್ಯಮದ ಊರಾದ ಕೊವೆಂಟ್ರಿಗೆ ಇಡೀ ಕಂಪನಿಯನ್ನೇ ಎತ್ತಿಕೊಂಡು ಹೋದರು. ಊರು ಬಿಟ್ಟರೆ ಕೆಲಸ ಬೆಳೆಯುತ್ತದೆ ಎಂಬ ಲೆಕ್ಕ ಅವರಿಗೂ ಗೊತ್ತಿತ್ತು, ನಮ್ಮ ಹಾಗೆಯೇ.

1931ರಲ್ಲಿ ಬಂದದ್ದು ಎಸ್‌ಎಸ್ 1. ಉದ್ದ ಮೂತಿ, ಕುಳ್ಳ ಛಾವಣಿ, ನೋಡಿದರೆ ಶ್ರೀಮಂತರ ಕಾರು. ಒಳಗಿದ್ದದ್ದು ಸ್ಟ್ಯಾಂಡರ್ಡ್ ಕಂಪನಿಯ ಸಾಧಾರಣ ಎಂಜಿನ್. ನೋಟಕ್ಕೆ ತಕ್ಕ ಓಟ ಇಲ್ಲ ಎಂದು ಜನ ಆಡಿಕೊಂಡರು. ಆ ಟೀಕೆ ಲಯನ್ಸ್‌ಗೆ ನಾಟಿತು ಅನ್ನಿಸುತ್ತದೆ, ಏಕೆಂದರೆ ಮುಂದಿನ ಹದಿನೈದು ವರ್ಷ ಆತ ಮಾಡಿದ್ದೆಲ್ಲ ಅದಕ್ಕೆ ಉತ್ತರದಂತಿದೆ. 1935ರಲ್ಲಿ ವಿಲಿಯಂ ಹೇನ್ಸ್ ಎಂಬ ಎಂಜಿನಿಯರನ್ನು ಕರೆತಂದ. ಅಷ್ಟರಲ್ಲಿ ವಾಮ್ಸ್‌ಲಿ ಪಾಲುದಾರಿಕೆ ಬಿಟ್ಟು ಹೋಗಿದ್ದ. ಅದೇ ವರ್ಷ ಲಂಡನ್ನಿನ ಹೋಟೆಲೊಂದರಲ್ಲಿ ಡೀಲರುಗಳಿಗೆ ಊಟ ಹಾಕಿಸಿ, ಹೊಸ ಎಸ್‌ಎಸ್ ಜಾಗ್ವಾರ್ ತೋರಿಸಿ, ಬೆಲೆ ಊಹಿಸಿ ಚೀಟಿಯಲ್ಲಿ ಬರೆಯಲು ಹೇಳಿದ. ಅವರ ಊಹೆಯ ಸರಾಸರಿ 632 ಪೌಂಡ್. ನಿಜವಾದ ಬೆಲೆ 395.

ಯುದ್ಧ ಬಂತು. ಕೊವೆಂಟ್ರಿಯ ಮೇಲೆ ಜರ್ಮನರ ಬಾಂಬು ಸುರಿಯಿತು. ಕಾರ್ಖಾನೆಗೆ ಬೆಂಕಿ ಬಿದ್ದರೆ ಆರಿಸಲು ರಾತ್ರಿ ಕಾವಲು ಕಾಯಬೇಕಿತ್ತು. ಲಯನ್ಸ್ ತನ್ನ ಸರದಿಗೆ ಹೇನ್ಸ್, ವಾಲ್ಟರ್ ಹ್ಯಾಸನ್, ಕ್ಲಾಡ್ ಬೇಯ್ಲಿ ಈ ಮೂವರು ಎಂಜಿನಿಯರುಗಳನ್ನೇ ಜತೆಗೆ ಹಾಕಿಕೊಂಡ. ಕಾವಲಿನ ಆ ರಾತ್ರಿಗಳಲ್ಲಿ ಯುದ್ಧ ಮುಗಿದ ಮೇಲೆ ಮಾಡಬೇಕಾದ ಎಂಜಿನ್ ಬಗ್ಗೆ ಚರ್ಚೆ ನಡೆಯಿತು. ಮಾಲೀಕನ ಬೇಡಿಕೆ ಎರಡು. ಶಕ್ತಿ ಇರಬೇಕು, ಮತ್ತು ಬಾನೆಟ್ ತೆರೆದಾಗ ಎಂಜಿನ್ ನೋಡಲು ಚೆನ್ನಾಗಿರಬೇಕು. ಹಾರ್ನಿಮನ್ ಸರ್ಕಲ್‌ನಲ್ಲಿ ನಾನು ಕಂಡ ಹೊಳೆಯುವ ಕ್ಯಾಮ್ ಕವರುಗಳು ಹುಟ್ಟಿದ್ದು ಹೀಗೆ. 1945ರಲ್ಲಿ ಎಸ್‌ಎಸ್ ಎಂಬ ಹೆಸರು ಕೈಬಿಟ್ಟು ಕಂಪನಿ ಜಾಗ್ವಾರ್ ಕಾರ್ಸ್ ಆಯಿತು. ಹಿಟ್ಲರನ ಪಡೆಯಿಂದಾಗಿ ಆ ಎರಡು ಅಕ್ಷರಗಳನ್ನು ಯಾರೂ ಕೇಳಲು ಬಯಸದ ಕಾಲ ಅದು.

1948ರ ಲಂಡನ್ ಪ್ರದರ್ಶನದಲ್ಲಿ ಆ ಎಂಜಿನ್ ಹೊರಬಂತು. ಹೆಸರು ಎಕ್ಸ್‌ಕೆ. 3442 ಸಿಸಿ, 160 ಅಶ್ವಶಕ್ತಿ, ತಲೆಯ ಮೇಲೆ ಎರಡು ಕ್ಯಾಮ್‌ಶಾಫ್ಟ್. ಮಾರುಕಟ್ಟೆಯಲ್ಲಿ ಸಾವಿರಗಟ್ಟಲೆ ಮಾರುವ ಕಾರಿಗೆ ಅವಳಿ ಕ್ಯಾಮ್ ಹಾಕುವುದು ಆಗ ಅಪರೂಪ. ಎಂಜಿನನ್ನು ತೋರಿಸಲು ಆತುರಾತುರವಾಗಿ ಒಂದು ಸ್ಪೋರ್ಟ್ಸ್ ಕಾರ್ ಮಾಡಿದರು. ಎಕ್ಸ್‌ಕೆ 120 ಎಂಬ ಆ ಕಾರನ್ನು ಇನ್ನೂರು ಮಾಡಿ ನಿಲ್ಲಿಸುವುದು ಎಂದುಕೊಂಡಿದ್ದರು. ಮಾಡಿದ್ದು ಹನ್ನೆರಡು ಸಾವಿರಕ್ಕೂ ಹೆಚ್ಚು. ಹೆಚ್ಚಿನವು ಸಮುದ್ರ ದಾಟಿ ಹೋದವು. ಫ್ರಾನ್ಸಿನ ಲ ಮಾನ್‌ನಲ್ಲಿ ನಡೆಯುವ 24 ಗಂಟೆಗಳ ರೇಸನ್ನು ಇದೇ ಎಂಜಿನ್ 1951, 1953, 1955, 1956, 1957ರಲ್ಲಿ ಗೆದ್ದಿತು.

1955ರ ಆ ಗೆಲುವಿನ ಬಗ್ಗೆ ಒಂದು ಮಾತು ಹೇಳಬೇಕು. ರೇಸಿಗೆ ಕೆಲವೇ ದಿನ ಮುಂಚೆ ಲಯನ್ಸ್‌ನ ಒಬ್ಬನೇ ಮಗ ಜಾನ್ ಕಾರಿನಲ್ಲಿ ಲ ಮಾನ್ ಕಡೆ ಹೊರಟಿದ್ದ. ಫ್ರಾನ್ಸಿನ ರಸ್ತೆಯಲ್ಲಿ ಅಮೆರಿಕ ಸೇನೆಯ ವಾಹನಕ್ಕೆ ಡಿಕ್ಕಿಯಾಗಿ ತೀರಿಕೊಂಡ. ವಯಸ್ಸು ಇಪ್ಪತ್ತೈದರ ಆಸುಪಾಸು. ಕಂಪನಿ ಮುಂದೆ ಅವನಿಗೇ ಎಂದು ಎಲ್ಲರೂ ತಿಳಿದಿದ್ದರು. ಅದೇ ರೇಸಿನಲ್ಲಿ ಕಾರೊಂದು ಪ್ರೇಕ್ಷಕರ ಮೇಲೆ ಹಾರಿ ಎಂಬತ್ತಕ್ಕೂ ಹೆಚ್ಚು ಜನ ಸತ್ತರು. ಗೆದ್ದದ್ದು ಜಾಗ್ವಾರ್. ಆ ಗೆಲುವನ್ನು ತಂದೆ ಹೇಗೆ ಸ್ವೀಕರಿಸಿದನೋ. ಮಾತು ಕಡಿಮೆಯ ಮನುಷ್ಯ, ದಶಕಗಳ ಜತೆಗಾರರನ್ನೂ ಮನೆತನದ ಹೆಸರಿನಿಂದಲೇ ಕರೆಯುತ್ತಿದ್ದವನು. ಮುಂದಿನ ವರ್ಷ ಸರ್ ಪದವಿ ಬಂತು. ಅದರ ಮರುವರ್ಷ, 1957ರ ಫೆಬ್ರುವರಿಯಲ್ಲಿ, ಬ್ರೌನ್ಸ್ ಲೇನ್ ಕಾರ್ಖಾನೆಯ ದೊಡ್ಡ ಭಾಗ ಬೆಂಕಿಗೆ ಆಹುತಿಯಾಯಿತು. ಕೆಲವೇ ದಿನದಲ್ಲಿ ಮತ್ತೆ ಕಾರು ಹೊರಬರುವಂತೆ ಮಾಡಿದರು.

ಇನ್ನು ಇ-ಟೈಪ್ ವಿಚಾರ. 1961ರ ಮಾರ್ಚ್ 15ರಂದು ಜಿನೀವಾದಲ್ಲಿ ಅದು ಲೋಕಕ್ಕೆ ಕಾಣಿಸಿಕೊಂಡಿತು. ಅದರ ಮೈಯನ್ನು ರೂಪಿಸಿದವನು ವಿಮಾನ ಉದ್ಯಮದಿಂದ ಬಂದ ಮಾಲ್ಕಮ್ ಸೇಯರ್. ಓಡಿಸಿ ನೋಡಲು ಜನ ಎಷ್ಟು ಮುಗಿಬಿದ್ದರೆಂದರೆ ಇನ್ನೊಂದು ಕಾರು ತರಿಸಬೇಕಾಯಿತು. ಪರೀಕ್ಷಾ ಚಾಲಕ ನಾರ್ಮನ್ ಡ್ಯೂಯಿಸ್ ಕೊವೆಂಟ್ರಿಯಿಂದ ರಾತ್ರಿಯಿಡೀ ಓಡಿಸಿಕೊಂಡು ಮರುದಿನ ಬೆಳಿಗ್ಗೆ ಅದನ್ನು ಜಿನೀವಾಕ್ಕೆ ತಲುಪಿಸಿದ.

ಈ ಕಾರು ತನ್ನ ಆಯುಸ್ಸಿನಲ್ಲಿ ಮೂರು ಎಂಜಿನ್ ಕಂಡಿತು. ಯಾವುದು ಮೇಲು ಎಂಬ ಜಗಳ ಇವತ್ತಿಗೂ ಮುಗಿದಿಲ್ಲ. ಅಪ್ಪನಿಗೆ ಅದನ್ನು ಮೂರು ರಾತ್ರಿ ಫೋನಿನಲ್ಲಿ ವಿವರಿಸಿದೆ.

ಮೊದಲನೆಯದು 3.8 ಲೀಟರ್, ಸರಿಯಾಗಿ 3781 ಸಿಸಿ. ಕಂಪನಿ ಹೇಳಿಕೊಂಡ ಶಕ್ತಿ 265 ಅಶ್ವ. ಹಳೆಯ 3.4 ಎಂಜಿನಿನ ಬೋರ್ 83 ಮಿ.ಮೀ. ಇತ್ತು. ಅದನ್ನು 87ಕ್ಕೆ ಹಿಗ್ಗಿಸಿ ಲೈನರ್ ಹಾಕಿದರು. ಸ್ಟ್ರೋಕ್ ಮೊದಲಿನ 106 ಮಿ.ಮೀ.ಯೇ. ಇದನ್ನು ಕೇಳಿ ಅಪ್ಪ ನಕ್ಕರು, ಇದು ನಮ್ಮ ಕೆಲಸವೇ ಆಯಿತಲ್ಲ ಅಂದರು. ಈ ಎಂಜಿನ್ ಹಗುರವಾಗಿ ಮೇಲಿನ ವೇಗಕ್ಕೆ ಏರುತ್ತದೆ ಎಂದು ಓಡಿಸಿದವರು ಹೊಗಳುತ್ತಾರೆ. ಜತೆಗಿದ್ದ ಗೇರ್‌ಬಾಕ್ಸ್ ಮಾತ್ರ ಹಳೆಯದು, ಮೊದಲ ಗೇರಿಗೆ ಸಿಂಕ್ರೊಮೆಶ್ ಇಲ್ಲ, ಬ್ರೇಕಿನ ಬಗ್ಗೆಯೂ ದೂರು ಇತ್ತು.

1964ರ ಅಕ್ಟೋಬರಿನಲ್ಲಿ 4.2 ಬಂತು. 4235 ಸಿಸಿ. ಅಶ್ವಶಕ್ತಿ ಅಷ್ಟೇ, 265. ಹಾಗಾದರೆ ದೊಡ್ಡದು ಮಾಡಿ ಲಾಭವೇನು? ಲಾಭ ಎಳೆತದಲ್ಲಿ. ಟಾರ್ಕ್ 260 ಪೌಂಡ್-ಅಡಿಯಿಂದ 283ಕ್ಕೆ ಏರಿತು. ಪದೇ ಪದೇ ಗೇರ್ ಬದಲಿಸದೆ ಓಡಿಸಬಹುದು. ಗೇರ್‌ಬಾಕ್ಸ್ ಹೊಸದು, ನಾಲ್ಕೂ ಗೇರಿಗೆ ಸಿಂಕ್ರೊಮೆಶ್. ಬ್ರೇಕ್, ಸೀಟು ಸುಧಾರಿಸಿದವು, ಡೈನಮೊ ಹೋಗಿ ಆಲ್ಟರ್ನೇಟರ್ ಬಂತು.

ಇಲ್ಲಿ ಅಪ್ಪ ನನ್ನನ್ನು ತಡೆದರು. 87ರಿಂದ ಎಷ್ಟಕ್ಕೆ ಹೋದರು ಎಂದು ಕೇಳಿದರು. 92.07 ಎಂದೆ. ಅದೇ ಬ್ಲಾಕಿನಲ್ಲಿ ಅಷ್ಟು ಕೊರೆದರೆ ಎರಡು ಸಿಲಿಂಡರುಗಳ ನಡುವೆ ಗೋಡೆ ಎಲ್ಲಿ ಉಳಿಯುತ್ತದೆ ಎಂದು ಅವರ ಪ್ರಶ್ನೆ. ಐವತ್ತು ವರ್ಷ ಆ ಗೋಡೆಯನ್ನೇ ಅಳೆದುಕೊಂಡು ಬದುಕಿದ ಮನುಷ್ಯನಿಗೆ ಸಂಶಯ ಬಂದದ್ದು ಸರಿಯಾದ ಜಾಗದಲ್ಲೇ. ಜಾಗ್ವಾರ್ ಎಂಜಿನಿಯರುಗಳು ಬ್ಲಾಕನ್ನೇ ಹೊಸದಾಗಿ ಎರಕ ಹೊಯ್ದು, ಸಿಲಿಂಡರುಗಳ ಜಾಗ ಬದಲಿಸಿದರು. ತುದಿಯ ಎರಡನ್ನು ಹೊರಕ್ಕೆ ಸರಿಸಿದರು, ನಡುವಿನ ಎರಡನ್ನು ಒಂದಕ್ಕೊಂದು ಹತ್ತಿರ ತಂದರು. ಕ್ರ್ಯಾಂಕ್‌ಶಾಫ್ಟ್ ಹೊಸದಾಯಿತು. ಮೇಲಿನ ಹೆಡ್ ಮಾತ್ರ ಹಳೆಯದೇ ಉಳಿಯಿತು. ಹಾಗಾಗಿ ಕೆಲವು ಸಿಲಿಂಡರುಗಳ ಮಧ್ಯವೂ ಅವುಗಳ ಮೇಲಿನ ದಹನ ಕೋಣೆಯ ಮಧ್ಯವೂ ಸರಿಯಾಗಿ ಒಂದರ ಮೇಲೊಂದು ಕೂರುವುದಿಲ್ಲ. ಆದರೂ ಎಂಜಿನ್ ಚೆನ್ನಾಗಿಯೇ ಓಡಿತು. ಇದನ್ನು ಕೇಳಿ ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ಅವರೂ ನಮ್ಮ ಹಾಗೆ ಹೊಂದಿಸಿಕೊಂಡೇ ಬದುಕಿದರು ಅನ್ನು ಎಂದರು.

ಮೂರನೆಯದು 1971ರ ವಿ12. ಹನ್ನೆರಡು ಸಿಲಿಂಡರ್, 5343 ಸಿಸಿ, ಬೋರ್ 90, ಸ್ಟ್ರೋಕ್ 70 ಮಿ.ಮೀ. ಉದ್ದ ಸ್ಟ್ರೋಕಿನ ಹಳೆಯ ಪದ್ಧತಿ ಬಿಟ್ಟು ಗಿಡ್ಡ ಸ್ಟ್ರೋಕಿಗೆ ಬಂದರು. ಬ್ಲಾಕ್ ಅಲ್ಯೂಮಿನಿಯಂ. ರೂಪಿಸಿದವರಲ್ಲಿ ಕಾವಲಿನ ರಾತ್ರಿಗಳ ಅದೇ ಹ್ಯಾಸನ್ ಇದ್ದ. ಶಕ್ತಿ 272 ಅಶ್ವ. 265ಕ್ಕೆ 272 ಹೋಲಿಸಿ, ಇಷ್ಟು ದೊಡ್ಡ ಎಂಜಿನಿಗೆ ಏಳೇ ಅಶ್ವ ಹೆಚ್ಚೇ ಎಂದು ಕೇಳುವವರಿದ್ದಾರೆ. ಹಳೆಯ 265 ಎಂಜಿನನ್ನು ಬೆಂಚಿನ ಮೇಲಿಟ್ಟು, ಶಕ್ತಿ ತಿನ್ನುವ ಸಲಕರಣೆಗಳನ್ನು ಕಳಚಿ ಅಳೆದ ಉದಾರ ಲೆಕ್ಕ. 272 ಕಾರಿನಲ್ಲಿ ಕೂರಿಸಿದ ಹಾಗೆಯೇ ಅಳೆಯುವ ಬಿಗಿ ಲೆಕ್ಕ. ನಿಜವಾದ ಅಂತರ ದೊಡ್ಡದು. ಆದರೆ ಆ ಎಂಜಿನ್ ಪೆಟ್ರೋಲ್ ಕುಡಿಯುತ್ತಿತ್ತು, 1973ರಲ್ಲಿ ತೈಲದ ಬಿಕ್ಕಟ್ಟು ಬಂತು. ಮರುವರ್ಷ ಇ-ಟೈಪ್ ತಯಾರಿಕೆ ನಿಂತಿತು. ಒಟ್ಟು ಮಾಡಿದ್ದು ಸುಮಾರು 72 ಸಾವಿರ.

ನನ್ನ ಮಟ್ಟಿಗೆ 3.8 ಚಂದ, ವಿ12 ನಯ. ಅಪ್ಪನ ಆಯ್ಕೆ ಚೋರ್ಲಾ ಘಾಟಿನ ಲೆಕ್ಕದಲ್ಲಿ ಬಂತು. ತುಂಬಿದ ಗಾಡಿ ಮೂರನೇ ಗೇರಿನಲ್ಲಿ ಏರುತ್ತದೋ ಇಲ್ಲವೋ ಅನ್ನುವುದೇ ಅವರಿಗೆ ಎಂಜಿನಿನ ಪರೀಕ್ಷೆ. 4.2 ಎಂದು ತೀರ್ಪು ಕೊಟ್ಟರು. ಹಾರ್ನಿಮನ್ ಸರ್ಕಲಿನ ಬೂದು ಕಾರಿನ ಹಿಂಬದಿಯಲ್ಲೂ 4.2 ಎಂಬ ಬಿಲ್ಲೆ ಇತ್ತು. 3.8ರ ಹಿಂದೆ ಅಂಥ ಅಂಕಿ ಇರುತ್ತಿರಲಿಲ್ಲ.

ಇಷ್ಟೆಲ್ಲ ಕಟ್ಟಿದ ಲಯನ್ಸ್ ಕೊನೆಗೆ ಏನು ಮಾಡಿದ ಎಂಬುದು ನನಗೆ ಮುಖ್ಯವಾಗಿತ್ತು. 1965ರಲ್ಲಿ ಜಾಗ್ವಾರ್‌ಗೆ ಕಾರಿನ ಮೈ ಒತ್ತಿ ಕೊಡುತ್ತಿದ್ದ ಪ್ರೆಸ್ಡ್ ಸ್ಟೀಲ್ ಕಂಪನಿಯನ್ನು ಬಿಎಂಸಿ ಎಂಬ ದೊಡ್ಡ ಕಾರು ಕಂಪನಿ ಕೊಂಡಿತು. ತನ್ನ ಕುತ್ತಿಗೆ ಇನ್ನೊಬ್ಬರ ಕೈಗೆ ಹೋದದ್ದು ಲಯನ್ಸ್‌ಗೆ ತಿಳಿಯಿತು. ವಯಸ್ಸು 65ರ ಹತ್ತಿರ, ಮಗ ಇಲ್ಲ. 1966ರಲ್ಲಿ ಜಾಗ್ವಾರನ್ನು ಬಿಎಂಸಿ ಜತೆ ವಿಲೀನಗೊಳಿಸಿದ. ತನ್ನ ಕಂಪನಿಯ ಆಡಳಿತ ತನ್ನ ಕೈಯಲ್ಲೇ ಇರಬೇಕೆಂದು ಪಟ್ಟು ಹಿಡಿದು ಒಪ್ಪಿಸಿದ. ಆದರೆ ಎರಡೇ ವರ್ಷದಲ್ಲಿ ಆ ಕಂಪನಿಯೂ ಇನ್ನೂ ದೊಡ್ಡ ಬ್ರಿಟಿಷ್ ಲೇಲ್ಯಾಂಡ್ ಒಳಗೆ ಕರಗಿತು. ಒಪ್ಪಂದ ಮಾಡಿಕೊಂಡವರೇ ಇಲ್ಲವಾದ ಮೇಲೆ ಕೊಟ್ಟ ಮಾತು ಎಷ್ಟು ದಿನ ನಿಂತೀತು? 1968ರಲ್ಲಿ ಎಕ್ಸ್‌ಜೆ6 ಎಂಬ ಇನ್ನೊಂದು ಒಳ್ಳೆಯ ಕಾರು ಕೊಟ್ಟು, 1972ರಲ್ಲಿ ಲಯನ್ಸ್ ನಿವೃತ್ತನಾದ. ಮುಂದಿನ ಹತ್ತು ವರ್ಷ ಜಾಗ್ವಾರ್ ಹೆಸರು ಕೆಡುತ್ತಾ ಹೋದುದನ್ನು ವ್ಯಾಪನ್‌ಬರಿಯ ತನ್ನ ಮನೆಯಲ್ಲಿ ಕೂತು ನೋಡಿದ.

ಅದೇ ಮನೆಯ ಅಂಗಳದಲ್ಲಿ ಹಿಂದೆ ಕಾರುಗಳ ಪೂರ್ಣ ಗಾತ್ರದ ಮಾದರಿ ನಿಲ್ಲಿಸಿ, ಬಿಸಿಲಲ್ಲಿ ಗೆರೆ ಹೇಗೆ ಕಾಣುತ್ತದೆಂದು ನೋಡಿ ತಿದ್ದಿಸುತ್ತಿದ್ದ. ನಕ್ಷೆ ಬರೆಯುವುದಕ್ಕಿಂತ ಲೋಹದ ಹಾಳೆ ಬಡಿಯುವ ಕುಶಲಿಗಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಇಲ್ಲಿ ತುಸು ಒಳಗೆ, ಅಲ್ಲಿ ತುಸು ಹೊರಗೆ ಅನ್ನುವುದು ಅವನ ರೀತಿ. ಜಾಗ್ವಾರ್ ಉಳಿದದ್ದು ಇಂಥವರಿಂದ. ಲೇಲ್ಯಾಂಡಿನ ಕಾಲದಲ್ಲೂ ಕೊವೆಂಟ್ರಿಯ ಎಂಜಿನಿಯರುಗಳು, ಕೆಲಸಗಾರರು ತಮ್ಮ ಎಂಜಿನ್, ತಮ್ಮ ರೀತಿ ಬಿಟ್ಟುಕೊಡಲಿಲ್ಲ. 1984ರಲ್ಲಿ ಜಾಗ್ವಾರ್ ಮತ್ತೆ ಸ್ವತಂತ್ರ ಕಂಪನಿಯಾಯಿತು. ಅದನ್ನು ಕಂಡು, 1985ರ ಫೆಬ್ರುವರಿ 8ರಂದು ಲಯನ್ಸ್ ತೀರಿಕೊಂಡ. ಅವನ ಎಕ್ಸ್‌ಕೆ ಎಂಜಿನ್ 1992ರವರೆಗೂ ತಯಾರಾಗುತ್ತಿತ್ತು. ಕಂಪನಿ ಫೋರ್ಡ್ ಕೈಗೆ ಹೋಗಿ, 2008ರ ಜೂನ್‌ನಲ್ಲಿ ಟಾಟಾ ಮೋಟಾರ್ಸ್ ಕೈಗೆ ಬಂತು. ಆ ಸಮೂಹದ ಕೇಂದ್ರವಾದ ಬಾಂಬೆ ಹೌಸ್, ನಾನು ಆ ಕಾರು ಕಂಡ ಹಾರ್ನಿಮನ್ ಸರ್ಕಲಿನಿಂದ ಕೆಲವೇ ನಿಮಿಷದ ನಡಿಗೆ.

ಈಗ ನನ್ನ ಮಾತು. ಠಾಣೆ ಕಡೆಯ ಕಂಪನಿಯೊಂದರಲ್ಲಿ ಎಂಜಿನ್ ವಾಲ್ವುಗಳ ಕೆಲಸ ನನ್ನದು. ವಿದ್ಯುತ್ ಕಾರಿಗೆ ವಾಲ್ವ್ ಬೇಡ, ಬೋರಿಂಗೂ ಬೇಡ. ನನಗೂ ಅಪ್ಪನಿಗೂ ಒಂದೇ ಕಾಲ ಎದುರು ಬಂದಿದೆ. ವಾಪಸು ಹೋದರೆ ನನಗೆ ಆ ಕಸುಬು ಬರುವುದಿಲ್ಲ ಎಂಬ ಸತ್ಯವನ್ನು ಇಷ್ಟು ವರ್ಷ ನಾನೂ ಹೇಳಿರಲಿಲ್ಲ, ಅಪ್ಪನೂ ಕೇಳಿರಲಿಲ್ಲ. ನಾನು ಮೈಕ್ರೊಮೀಟರ್ ಓದಬಲ್ಲೆ. ಕಟರ್ ಸದ್ದು ಕೇಳಿಯೇ ಕೈ ಹಿಂತೆಗೆಯುವುದು ಗೊತ್ತಿರುವುದು ಅಪ್ಪನಿಗೆ, ಮತ್ತೆ ಅವರ ಜತೆ ಇಪ್ಪತ್ತೆರಡು ವರ್ಷದಿಂದ ದುಡಿಯುತ್ತಿರುವ ಮಿಸ್ತ್ರಿಗೆ.

ಮಾರ್ಚ್ ಮೊದಲ ವಾರ ಸಯನ್‌ನಿಂದ ರಾತ್ರಿ ಬಸ್ಸು ಹತ್ತಿ ಊರಿಗೆ ಹೋದೆ. ಅಪ್ಪನ ಎದುರು ಕೂತು, ನಾನು ಬರುವುದಿಲ್ಲ ಎಂದೆ. ಹೇಳಲು ಕಷ್ಟವಾಯಿತು. ಜಾಗ ಕೊಳ್ಳಲು ಬಂದವರಿಗೆ ಮಷೀನುಗಳು ಗುಜರಿಯ ತೂಕವಷ್ಟೇ. ಅದಕ್ಕೇ ಮಿಸ್ತ್ರಿಗೆ ಕಂತಿನಲ್ಲಿ ಮಷೀನು ಕೊಟ್ಟು, ಜಾಗವನ್ನು ಅವನಿಗೇ ಬಾಡಿಗೆಗೆ ಬಿಡೋಣ, ಕಡಿಮೆ ಬಂದರೂ ಪರವಾಗಿಲ್ಲ ಎಂದೆ. ಬರುವ ಹಣ ದೊಡ್ಡ ಬೆಲೆಯ ಹತ್ತಿರಕ್ಕೂ ಬರುವುದಿಲ್ಲ, ನನ್ನ ಮಗಳ ಓದಿಗೆ ಅದು ಆಗುತ್ತಿತ್ತು ಎಂದು ಅಪ್ಪ ನೆನಪಿಸಿದರು. ಹೌದು, ಆಗುತ್ತಿತ್ತು. ಟ್ರ್ಯಾಕ್ಟರು, ಪಂಪು, ಹಳೆಯ ಜೀಪು ಇನ್ನು ಹತ್ತು ವರ್ಷವಾದರೂ ಬೋರಿಂಗಿಗೆ ಬರುತ್ತವೆ ಎಂಬುದು ಮಿಸ್ತ್ರಿಯ ಲೆಕ್ಕ. ಆ ಲೆಕ್ಕ ತಪ್ಪಬಹುದು. ಲಯನ್ಸ್‌ನ ಲೆಕ್ಕವೂ ತಪ್ಪಿತ್ತು.

ಅಪ್ಪ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಎದ್ದು ವರ್ಕ್‌ಶಾಪಿಗೆ ಹೋದರು, ನಾನೂ ಹಿಂದೆ ಹೋದೆ. ಮಿಸ್ತ್ರಿ ಒಂದು ಟ್ರ್ಯಾಕ್ಟರಿನ ಬ್ಲಾಕ್ ಹತ್ತಿಸುತ್ತಿದ್ದ. ಅಪ್ಪ ಅವನನ್ನು ಕರೆದು, ಜಾಗ್ವಾರಿನ 4.2 ಬ್ಲಾಕಿನಲ್ಲಿ ತುದಿಯ ಸಿಲಿಂಡರನ್ನು ಹೇಗೆ ಹೊರಕ್ಕೆ ಸರಿಸಿದ್ದರು ಎಂಬುದನ್ನು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸತೊಡಗಿದರು. ಬರೆದು ಮುಗಿಸಿ, ಇದೇ ತಿಂಗಳಿಂದ ಲೆಕ್ಕದ ಪುಸ್ತಕ ನೀನೇ ಬರಿ ಎಂದು ಅವನಿಗೆ ಹೇಳಿದರು. ನನ್ನ ಕಡೆ ನೋಡಲಿಲ್ಲ.

ಆ ರಾತ್ರಿಯೇ ಮುಂಬೈ ಬಸ್ಸು ಹಿಡಿದೆ. ಮರುದಿನ ಫೋನ್ ಮಾಡಿದಾಗ ಅಪ್ಪ ಯುಗಾದಿಗೆ ಮಗಳನ್ನು ಕರೆದುಕೊಂಡು ಬಾ ಎಂದರು, ಬರುವಾಗ ಆಪೆರಾ ಹೌಸಿನಿಂದ ಇಪ್ಪತ್ತು ಥೌ ಓವರ್‌ಸೈಜಿನ ಎರಡು ಪಿಸ್ಟನ್ ಸೆಟ್ ತರಲು ಹೇಳಿದರು. ಬಿಲ್ ಮಿಸ್ತ್ರಿಯ ಹೆಸರಿನಲ್ಲಿ ಇರಲಿ ಅಂದರು.